ಹಿಂದೆ ಸರಿದ ಗಂಗವ್ವ

ಬೆಳಗಿನ ಎಂಟು ಗಂಟೆಗೆ ಕರೇಹಾಳದ ಸೇತುವೆಯ ಮೇಲೆ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಳ್ಳವೇನೋ ಮಾತು ಕೊಟ್ಟು ತಪ್ಪಿದೆ ಎಂಬಂತೆ ಅದನ್ನು ದಿಟ್ಟಿಸುತ್ತಿದ್ದರೆ, ಅವಳೇ ಪಾರ್ವತೆಮ್ಮ, ಊರಿನ ನೀರಗಂಟಿ. ಮೇಲಿನ ಟಾಕಿ ತುಂಬಿಸುವುದು, ಓಣಿಗೊಂದು ಹೊತ್ತು ಹಿಡಿದು ವಾಲ್ ತಿರುಗಿಸುವುದು, ಒಡೆದ ಪೈಪಿಗೆ ರಬ್ಬರು ಸುತ್ತುವುದು ಇಪ್ಪತ್ತು ವರ್ಷದಿಂದ ಅವಳದೇ ಕೆಲಸ. ‘ಹೆಂಗಸು ವಾಲ್ ತಿರುಗಸ್ತಾಳೇನು?’ ಎಂದು ಮೊದಮೊದಲು ಮೂಗು ಮುರಿದ ಜನವೇ, ಈಗ ಅವಳು ಒಂದು ದಿನ ತವರಿಗೆ ಹೋದರೆ ಖಾಲಿ ಕೊಡ ಹಿಡಿದು ಬಸ್ ಸ್ಟಾಂಡಿನಲ್ಲಿ ದಾರಿ ಕಾಯುತ್ತಾರೆ. ಪಾರ್ವತೆಮ್ಮನಿಗೆ ಇದು ಚೆನ್ನಾಗಿ ಗೊತ್ತು, ಗೊತ್ತಿದೆ ಎಂಬುದನ್ನು ಅವಳು ಮುಚ್ಚಿಡುವುದೂ ಇಲ್ಲ.

ಆರು ವರ್ಷದ ಹಿಂದೆ ಜಲಾನಯನ ಯೋಜನೆಯವರು ಬಂದು ಸೇತುವೆಯ ಕಂಬಕ್ಕೆ ಅಡಿ, ಇಂಚು ಬರೆದ ಪಟ್ಟಿಯೊಂದನ್ನು ಬಡಿದರು. ದಿನವೂ ನೀರಿನ ಮಟ್ಟ ಓದಿ ಫೋನಿನಲ್ಲಿ ಕಳಿಸುವವರು ಬೇಕಾಗಿತ್ತು. ಪಾರ್ವತೆಮ್ಮ ಒಪ್ಪಿಕೊಂಡಳು. ನೀರಿನ ಉಪ್ಪು ಅಳೆಯುವ ಪೆನ್ನಿನಂಥ ಯಂತ್ರವೊಂದನ್ನೂ ಕೊಟ್ಟರು. ವಾರಕ್ಕೊಮ್ಮೆ ಹಳ್ಳಕ್ಕೆ ಇಳಿದು ಕಲ್ಲು ಮಗುಚಿ ಅದರಡಿ ಹುಳ ಇವೆಯೇ ಎಂದು ನೋಡಬೇಕು. ಇದ್ದರೆ ನೀರಿಗೆ ಜೀವ ಇದೆ ಎಂದರ್ಥ, ಇಲ್ಲದಿದ್ದರೆ ಗದ್ದೆಯ ಔಷಧಿ ಮಿತಿಮೀರಿ ಹರಿದು ಬಂದಿದೆ ಎಂದರ್ಥ. ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತು ಕಲ್ಲು ಎತ್ತುವುದನ್ನು ಕಂಡವರು ಸುಮ್ಮನಿರುತ್ತಾರೆಯೇ? ‘ಹಳ್ಳದ ನರ್ಸಮ್ಮ’ ಎಂದು ಹೆಸರಿಟ್ಟರು.

‘ಇವತ್ತ ಜ್ವರ ಎಷ್ಟೈತ್ರೀ ನರ್ಸಮ್ಮಾ?’

‘ಹಳ್ಳಕ್ಕ ಆರಾಮ ಐತಿ. ನೀವು ಔಷಧ ಹೊಡದ ಡಬ್ಬಿ ತಂದು ಅದರಾಗ ತೊಳಿಯೂದು ಬಿಟ್ರ ಇನ್ನೂ ಆರಾಮ ಇರತೈತಿ.’

ಆದರೆ ಆ ಆರು ವರ್ಷದಲ್ಲಿ ಅವಳಿಗೆ ಹಳ್ಳದ ನಾಡಿ ಸಿಕ್ಕಿತ್ತು. ಕರೇಹಾಳ ಇರುವುದು ಮಸ್ಕಿ, ಬಳಗಾನೂರು ದಾಟಿ ಸಿಂಧನೂರಿನ ಕಡೆಗೆ, ಕಾಲುವೆಯ ಕೆಳಗಿನ ಭತ್ತದ ಸೀಮೆಯಲ್ಲಿ. ಹಳ್ಳ ಹುಟ್ಟುವುದು ಮಾತ್ರ ದೂರದ ಲಿಂಗಸೂಗೂರಿನ ಕೆಂಪು ಗುಡ್ಡಗಳಲ್ಲಿ. ಊರಿನವರು ತಮ್ಮ ತಲೆಯ ಮೇಲಿನ ಮೋಡ ನೋಡಿ ಹಳ್ಳದ ಭವಿಷ್ಯ ಹೇಳುತ್ತಿದ್ದರು. ಪಾರ್ವತೆಮ್ಮ ನೀರಿನ ಬಣ್ಣ ನೋಡುತ್ತಿದ್ದಳು. ಕೆಂಪು ನೀರು ಬಂತೆಂದರೆ ಐದಾರು ತಾಸಿನ ಹಿಂದೆ ಲಿಂಗಸೂಗೂರಿನ ಕಡೆ ಜೋರು ಮಳೆಯಾಗಿದೆ. ತಿಳಿನೀರು ಏರಿತೆಂದರೆ ಕಾಲುವೆಯದು: ಮಳೆ ಬಿದ್ದೊಡನೆ ಭತ್ತದ ರೈತರೆಲ್ಲ ಒಟ್ಟಿಗೇ ತಮ್ಮ ತಮ್ಮ ತೂಬು ಮುಚ್ಚಿಬಿಡುತ್ತಾರೆ, ಬೇಡವಾದ ಕಾಲುವೆ ನೀರು ಹಳ್ಳಕ್ಕೆ ಬೀಳುತ್ತದೆ. ಎರಡೂ ಒಂದೇ ದಿನ ಸೇರಿದರೆ ಕಷ್ಟ. ಸಾಲದ್ದಕ್ಕೆ ಗದ್ದೆಗಳ ಬಸಿನೀರು ಕುಡಿದು ಹಳ್ಳದ ತುಂಬ ಆಪು ಎಂಬ ಜೊಂಡು ಬೆಳೆದಿತ್ತು, ಅದರ ಬುಡಕ್ಕೆ ಹೂಳು ಕಟ್ಟಿ ತಳವೇ ಒಂದೂವರೆ ಅಡಿ ಮೇಲೆ ಬಂದಿತ್ತು. ಇದು ಅವಳ ವಹಿಯಲ್ಲಿ ಬರೆದಿತ್ತು. ಊರಿಗೆ ಗೊತ್ತಿರಲಿಲ್ಲ.

ಊರಿಗೆ ಗೊತ್ತಿದ್ದದ್ದು ಗಂಗವ್ವನ ಕಲ್ಲು.

ಕರೇಹಾಳದಲ್ಲಿ ಹಿಂದಿನಿಂದ ಒಂದು ಪದ್ಧತಿ ಇದೆ. ಹಳ್ಳ ಉಕ್ಕಿ ಊರೊಳಗೆ ಬಂದರೆ, ನೀರು ಎಲ್ಲಿಯವರೆಗೆ ಬಂದು ನಿಂತಿತೋ ಆ ಜಾಗಕ್ಕೆ ಗಂಗವ್ವನ ಕಲ್ಲನ್ನು ಹೊತ್ತು ತಂದು ನಿಲ್ಲಿಸುತ್ತಾರೆ. ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿ, ‘ಇಲ್ಲಿಗೆ ಸಾಕವ್ವಾ’ ಎಂದು ಕೈಮುಗಿಯುತ್ತಾರೆ. ಅದಕ್ಕಿಂತ ದೊಡ್ಡ ನೆರೆ ಬರುವವರೆಗೆ ಕಲ್ಲನ್ನು ಯಾರೂ ಮುಟ್ಟುವಂತಿಲ್ಲ. ಹದಿನಾರು ವರ್ಷದ ಹಿಂದಿನ ದೊಡ್ಡ ನೆರೆಯಲ್ಲಿ ನಾಲ್ಕು ಗಂಡಸರು ಆ ಕಲ್ಲನ್ನು ಹೊತ್ತು ತಂದು ಕೆಳಗಿನೋಣಿಯ ತಲೆಯಲ್ಲಿ ನಿಲ್ಲಿಸಿದ್ದರು. ಆಗ ಅದರ ಕೆಳಗೆ ಇದ್ದದ್ದು ಒಂಬತ್ತೇ ಮನೆ.

ಅದಾಗಿ ಐದು ವರ್ಷಕ್ಕೆ ಕೆಳಗಿನೋಣಿಗೆ ನಳದ ಪೈಪು ಹಾಕುವ ಕೆಲಸ ಬಂತು. ಅಗೆಯುತ್ತಾ ಬಂದರೆ ದಾರಿಗೆ ಸರಿಯಾಗಿ ಗಂಗವ್ವ ನಿಂತಿದ್ದಾಳೆ. ಪೂಜಾರಿ ಗಾಳೆಪ್ಪ ಬಾಣಂತಿ ಮಗಳನ್ನು ನೋಡಲೆಂದು ಜವಳಗೇರಾಕ್ಕೆ ಹೋಗಿದ್ದ. ಗಂಡಸರೆಲ್ಲ ಗದ್ದೆ ಕೆಲಸಕ್ಕೆ ಹೋಗಿದ್ದರು. ಅಗೆಯುವ ಯಂತ್ರದವನು ದೇವರ ಕಲ್ಲು ಮುಟ್ಟಲು ಒಪ್ಪಲಿಲ್ಲ, ಅವನ ಯಂತ್ರ ಮಧ್ಯಾಹ್ನಕ್ಕೆ ಬೇರೆ ಊರಿಗೆ ಹೊರಡುವುದಿತ್ತು. ಹೋಯಿತೆಂದರೆ ಓಣಿಯ ಹೆಂಗಸರು ಇನ್ನೊಂದು ವರ್ಷ ಹಳ್ಳದ ನೀರೇ ಹೊರಬೇಕು. ಪಾರ್ವತೆಮ್ಮ ಎರಡು ಗಳಿಗೆ ಯೋಚಿಸಿದಳು. ಆಮೇಲೆ ಆ ಓಣಿಯ ಸುಭಾನಬಿಯನ್ನು ಕೂಗಿ ಕರೆದಳು. ಇಬ್ಬರೂ ಸಲಾಕೆ ಹಾಕಿ ಕಲ್ಲನ್ನು ಮೀಟಿ, ಕೆಳಗೆ ಮೂರು ಪೈಪಿನ ತುಂಡು ಕೊಟ್ಟು, ಇಪ್ಪತ್ತು ಹೆಜ್ಜೆ ಉರುಳಿಸಿ ಆಚೆ ನಿಲ್ಲಿಸಿದರು. ಉರುಳಿಸಿದ್ದು ಹಳ್ಳದ ಕಡೆಗೆ, ಇಳಿಜಾರಿಗೆ. ಏರಿಗೆ ತಳ್ಳುವುದು ಇಬ್ಬರು ಹೆಂಗಸರ ಕೈಲಾಗುವ ಮಾತಾಗಿರಲಿಲ್ಲ. ಸಂಜೆ ಗಂಡಸರು ಬಂದ ಮೇಲೆ ಮತ್ತೆ ಮೇಲಕ್ಕೆ ಹೊರಿಸಿದರಾಯಿತು ಎಂದುಕೊಂಡಿದ್ದಳು.

ಸಂಜೆಗೆ ಮುಂಚೆ ಗಾಳೆಪ್ಪನೇ ಊರಿಗೆ ಬಂದುಬಿಟ್ಟ.

ಬಸ್ಸಿಳಿದು ನೇರ ಓಣಿಗೆ ಬಂದವನು, ಕಲ್ಲು ಇದ್ದಲ್ಲಿ ಇಲ್ಲದ್ದನ್ನು, ಇಲ್ಲದಿದ್ದಲ್ಲಿ ಇದ್ದದ್ದನ್ನು ಕಂಡು ಅಲ್ಲೇ ಅಡ್ಡಬಿದ್ದ. ‘ತಾಯಿ ಹಿಂದಕ್ಕ ಸರದಾಳ! ತಾನ ಇಪ್ಪತ್ತ ಹೆಜ್ಜಿ ಹಿಂದಕ್ಕ ಹೋಗ್ಯಾಳ! ಇನ್ನ ನಮ್ಮ ಓಣಿಗೆ ಬರೂದಿಲ್ಲ ಅಂತ ಮಾತ ಕೊಟ್ಟಾಳ!’ ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೂಗಿದ. ಜನ ಸೇರಿತು, ಕಾಯಿ ಒಡೆಯಿತು. ಪಾರ್ವತೆಮ್ಮನಿಗೆ ಮೊದಲು ನಗು ಬಂತು, ಆಮೇಲೆ ಅಂಜಿಕೆಯಾಯಿತು. ಈಗ ಬಾಯಿ ಬಿಟ್ಟರೆ ‘ಯಾರ್‍ಯಾರು ಮುಟ್ಟಿದ್ರಿ?’ ಎಂದು ಕೇಳುತ್ತಾರೆ. ತನ್ನನ್ನು ಬೈದರೆ ಬೈಯಲಿ, ಕರೆದೊಡನೆ ಬಂದು ಕೈಹಚ್ಚಿದ ಸುಭಾನಬಿಯ ಹೆಸರು ಈ ಗದ್ದಲದಲ್ಲಿ ಬರುವುದು ಅವಳಿಗೆ ಬೇಡವಾಗಿತ್ತು. ನಾಳೆ ಗಾಳೆಪ್ಪನಿಗೊಬ್ಬನಿಗೇ ಹೇಳುತ್ತೇನೆ ಎಂದು ಮನೆಗೆ ನಡೆದಳು. ಆ ನಾಳೆ ಹನ್ನೊಂದು ವರ್ಷ ಬರಲಿಲ್ಲ.

ಗಾಳೆಪ್ಪ ಕಲ್ಲಿಗೆ ಕಟ್ಟೆ ಕಟ್ಟಿಸಿದ. ಕಲ್ಲು ಹಿಂದೆ ಎಲ್ಲಿತ್ತು ಎಂದು ಯಾರೂ ಬಾಯಿಂದ ಆಡಬಾರದು, ಆಡಿದರೆ ತಾಯಿಯನ್ನು ವಾಪಸು ಕರೆದಂತೆ ಎಂದೂ ಹೇಳಿದ. ಜನ ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಓಣಿಗೆ ಸೊಸೆಯರಾಗಿ ಬಂದವರಿಗೆ, ಅಲ್ಲಿ ಹುಟ್ಟಿದ ಮಕ್ಕಳಿಗೆ ಹಳೆಯ ಜಾಗದ ಸುದ್ದಿಯೇ ಗೊತ್ತಾಗಲಿಲ್ಲ. ದೇವಿಯೇ ಮಾತು ಕೊಟ್ಟ ಮೇಲೆ ಅಂಜಿಕೆ ಯಾಕೆ? ಒಂಬತ್ತು ಮನೆ ಇದ್ದದ್ದು ನಲವತ್ತೆರಡಾಯಿತು. ಹೊಸ ಮನೆಗೆ ನಳ ಕೊಡಲು ಹೋದಾಗಲೆಲ್ಲ ಪಾರ್ವತೆಮ್ಮನ ಕಣ್ಣು ಕಲ್ಲಿನ ಹಳೆಯ ಜಾಗದ ಕಡೆಗೆ ಹೋಗುತ್ತಿತ್ತು. ಆದರೂ ಕೊಟ್ಟು ಬರುತ್ತಿದ್ದಳು.

ಈ ವರ್ಷ ಆಗಸ್ಟಿನಲ್ಲಿ ಅಂಬಿಕಾ ಬಂದಳು. ಲಿಂಗಸೂಗೂರಿನ ಹುಡುಗಿ, ಇಂಜಿನಿಯರು, ಹಳ್ಳದ ದಂಡೆಯ ಊರುಗಳಿಗೆ ನೆರೆ ಅಪಾಯದ ನಕ್ಷೆ ಮಾಡುವ ಕೆಲಸ. ಮೂರು ಕಾಲಿನ ಯಂತ್ರ ಹೊತ್ತು ಬಿಸಿಲಲ್ಲಿ ತಿರುಗುವ ಅವಳನ್ನು ಪಾರ್ವತೆಮ್ಮ ಮೊದಲ ದಿನವೇ ಮೆಚ್ಚಿಕೊಂಡಳು. ತನ್ನ ಆರು ವರ್ಷದ ವಹಿ ತೋರಿಸಿದಳು. ಅಂಬಿಕಾ ಒಂದೊಂದೇ ಹಾಳೆ ತಿರುವಿ, ‘ಯಕ್ಕಾ, ಇಡೀ ಹಳ್ಳದಾಗ ಇಷ್ಟು ಚೊಕ್ಕ ಯಾರೂ ಬರದಿಲ್ರಿ’ ಎಂದಳು. ಪಾರ್ವತೆಮ್ಮ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಮೂರನೆಯ ದಿನ ಅಂಬಿಕಾ ಕೆಳಗಿನೋಣಿಗೆ ಬಂದು, ದೊಡ್ಡ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದಳು. ಗಾಳೆಪ್ಪ ಕಟ್ಟೆ ತೋರಿಸಿದ. ‘ಗಂಗವ್ವ ನಿಂತದ್ದ ಗುರುತು. ಇದನ್ನ ದಾಟೂದಿಲ್ರಿ.’ ಹಳಬರು ನಾಲ್ಕೈದು ಮಂದಿ ಇದ್ದರು. ನಿಜ ಗೊತ್ತಿದ್ದವರೇ, ಆದರೆ ಹಳೆಯ ಜಾಗವನ್ನು ಆಡಬಾರದಲ್ಲ, ತಲೆ ಅಲ್ಲಾಡಿಸಿದರು. ಅಂಬಿಕಾ ಯಂತ್ರದ ಕೋಲನ್ನು ಕಟ್ಟೆಯ ಮೇಲಿಟ್ಟು ಎತ್ತರ ಹಿಡಿದಳು. ಆ ಕೋಲನ್ನು ನೆಟ್ಟಗೆ ಹಿಡಿದುಕೊಂಡು ನಿಂತಿದ್ದವಳು ಪಾರ್ವತೆಮ್ಮ.

ಹತ್ತು ದಿನಕ್ಕೆ ಕರಡು ನಕ್ಷೆ ಪಂಚಾಯಿತಿ ಗೋಡೆಗೆ ಬಂತು. ಕಟ್ಟೆಯಿಂದ ಕೆಳಗೆ ಕೆಂಪು, ಮೇಲೆ ಹಸಿರು. ನಲವತ್ತೆರಡರಲ್ಲಿ ಮೂವತ್ತೈದು ಮನೆ ಹಸಿರಿನಲ್ಲಿದ್ದವು. ಎಚ್ಚರಿಕೆಯ ಸೈರನ್ ಕೂಗಿದರೆ ಎದ್ದು ಹೋಗಬೇಕಾದವರ ಪಟ್ಟಿಯಲ್ಲಿ ಆ ಮನೆಗಳ ಹೆಸರಿಲ್ಲ. ಸಾಲದ್ದಕ್ಕೆ ಹಸಿರಿನಲ್ಲಿ ಹೊಸ ಅಂಗನವಾಡಿಗೆ ಜಾಗವನ್ನೂ ಗುರುತು ಮಾಡಿದ್ದರು. ಪಾರ್ವತೆಮ್ಮ ನಕ್ಷೆ ನೋಡಿ ನೇರ ಸುಭಾನಬಿಯ ಮನೆಗೆ ಹೋದಳು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಸುಭಾನಬಿ ಆಗಷ್ಟೇ ಬಂದು ಮೊಮ್ಮಗಳ ತೊಟ್ಟಿಲು ತೂಗುತ್ತಿದ್ದಳು. ಕಟ್ಟೆಯಿಂದ ಮೇಲೆ ಎಂಟೇ ಹೆಜ್ಜೆ. ಮೂರು ತಿಂಗಳ ಕೂಸು ಬಾಯಿ ತೆರೆದು ಮಲಗಿತ್ತು.

‘ಯಾಕ ಪಾರಕ್ಕ, ಮುಖ ಹಿಂಗ ಮಾಡೀದಿ?’

‘ಏನಿಲ್ಲ ಬಿಡು’ ಎಂದು ಪಾರ್ವತೆಮ್ಮ ಎದ್ದು ಬಂದಳು. ತನ್ನ ಮೇಲೆ ಅವಳಿಗೆ ಹೇಸಿಗೆಯಾಗಿತ್ತು. ಊರಿನ ಹಳ್ಳಕ್ಕೇ ಜ್ವರ ನೋಡುವವಳು, ಕೋಲು ಹಿಡಿದು ನಿಂತು ಸುಳ್ಳು ಅಳೆಸಿದ್ದಳು.

ನಕ್ಷೆಗೆ ಒಪ್ಪಿಗೆ ಕೊಡಲು ಸೆಪ್ಟೆಂಬರಿನ ಮೊದಲ ವಾರ ಗ್ರಾಮಸಭೆ ಕರೆದರು. ಶಾಲೆಯ ಅಂಗಳ ತುಂಬಿತ್ತು. ಅಧ್ಯಕ್ಷ ಆಂಜನೇಯ ‘ಎಲ್ಲಾರಿಗೂ ಒಪ್ಪಿಗಿ ಐತಲ್ಲ?’ ಎಂದು ಕೈ ಎತ್ತಿಸುವಷ್ಟರಲ್ಲಿ ಪಾರ್ವತೆಮ್ಮ ಎದ್ದು ನಿಂತಳು.

‘ಇಲ್ರಿ. ನಕ್ಷಾ ಗಲತ್ ಐತಿ. ಗಂಗವ್ವ ಹಿಂದಕ್ಕ ಸರದಿಲ್ಲ. ನಾನ ಸರಸೀನಿ. ಪೈಪು ಹಾಕೂ ದಿನ ದಾರಿಗೆ ಅಡ್ಡ ಇತ್ತು, ಇಪ್ಪತ್ತ ಹೆಜ್ಜಿ ಕೆಳಗ ಉರುಳಿಸಿ ಇಟ್ಟೆ. ನೀರು ಬಂದಿದ್ದು ಮ್ಯಾಲ, ಈಗ ಮೂಲಿ ವಾಲ್ ಇರೂ ಜಾಗಾದ ತನಾ.’

ಹಳೆಯ ಜಾಗವನ್ನು ಹನ್ನೊಂದು ವರ್ಷದ ಮೇಲೆ ಒಬ್ಬರು ಗಟ್ಟಿಯಾಗಿ ಆಡಿದ್ದರು. ಗಾಳೆಪ್ಪ ದಡಕ್ಕನೆ ಎದ್ದ. ‘ಏನ ಮಾಡಿದಿಬೇ! ಕರದಿ ನೀ ಆಕೀನ! ಅಲ್ಲಾ, ನಾಕು ಗಂಡಸರು ಹೊತ್ತ ಕಲ್ಲದು. ನೀ ಒಬ್ಬಾಕಿ ಎತ್ತಿದ್ಯಾ? ಯಾರಿಗೆ ಹೇಳಾಕತ್ತೀದಿ ಈ ಕಥಿ?’

ಪಾರ್ವತೆಮ್ಮ ಇದನ್ನು ಮೊದಲೇ ಯೋಚಿಸಬೇಕಿತ್ತು. ನಿಜವನ್ನು ಅರ್ಧ ಹೇಳಲು ಬಂದವಳಿಗೆ ಆ ಅರ್ಧವೇ ಅಡ್ಡಬಂತು. ಜನ ಗುಸುಗುಸು ಶುರು ಮಾಡಿದರು. ನಕ್ಷೆ ಬದಲಾದರೆ ಮನೆ ಖಾಲಿ ಮಾಡಿಸುತ್ತಾರೆ, ಈಕೆಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದು ಒಬ್ಬ ಕೂಗಿಯೂಬಿಟ್ಟ. ಅವಳು ‘ಒಬ್ಬಾಕೀನ ಮಾಡೀನ್ರಿ’ ಎಂದಳು, ಧ್ವನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಹೆಂಗಸರ ಸಾಲಿನಿಂದ ಸುಭಾನಬಿ ಎದ್ದಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಸಂತೆಯಲ್ಲಿ ದರ ಹೇಳುವಷ್ಟು ಸಹಜವಾಗಿ ಹೇಳಿದಳು: ‘ಒಬ್ಬಾಕಿ ಅಲ್ರಿ, ಇಬ್ರು. ಎಡಕ್ಕ ಆಕಿ, ಬಲಕ್ಕ ನಾನು. ಎತ್ತಿಲ್ಲ, ಮೂರು ಪೈಪಿನ ತುಂಡು ಕೊಟ್ಟು ಉರುಳಿಸಿದ್ವಿ. ಬೇಕಂದ್ರ ಈಗ ಹೋಗಿ ನೋಡ್ರಿ, ಕಲ್ಲಿನ ಬುಡಕ್ಕ ಸಲಾಕಿ ಹಾಕಿದ ಚಕ್ಕಿ ಎದ್ದೈತಿ. ಸೀರಿ ಉಡಿಸಿರ್ತೀರಿ ಅಂತ ಕಾಣೂದಿಲ್ಲ.’

‘ಸುಮ್ನ ಕುಂದರ ಸುಭಾನಾ’ ಎಂದಳು ಪಾರ್ವತೆಮ್ಮ.

‘ಯಾಕ ಕುಂದರ್ಲಿ? ನಳ ನನ್ನ ಮನಿಗೂ ಬಂತಲ್ಲ. ಆ ನೀರ ಕುಡದಿಲ್ಲೇನು ಇವರೆಲ್ಲ?’

ಗಾಳೆಪ್ಪ ಒಬ್ಬನೇ ಎದ್ದು ಓಣಿಗೆ ನಡೆದ, ಹತ್ತು ನಿಮಿಷ ಬಿಟ್ಟು ಬಂದ. ಕಲ್ಲಿನ ಬುಡ ನೋಡಿ ಬಂದಿದ್ದ. ಚಪ್ಪಲಿ ಮೆಟ್ಟಿ ಮನೆಗೆ ಹೊರಟುಹೋದ.

ಅಂಬಿಕಾ ಅದೇ ಮಧ್ಯಾಹ್ನ ಮತ್ತೆ ಯಂತ್ರ ಹೂಡಿದಳು. ಹಳೆಯ ಜಾಗ ಕಟ್ಟೆಗಿಂತ ನಾಲ್ಕು ಅಡಿ ಎತ್ತರದಲ್ಲಿತ್ತು. ‘ಅಷ್ಟ ಸಾಲೂದಿಲ್ಲವ್ವ’ ಎಂದಳು ಪಾರ್ವತೆಮ್ಮ. ಒಮ್ಮೆ ಬಾಯಿಬಿಟ್ಟ ಮೇಲೆ ಅವಳಿಗೆ ಹಳೆಯ ಬಿಗುಮಾನ ಪೂರ್ತಿ ಮರಳಿ ಬಂದಿತ್ತು. ‘ಈ ಆರ ವರ್ಷದಾಗ ಹಳ್ಳದ ತಳ ಒಂದೂವರಿ ಅಡಿ ಏರೈತಿ, ನನ್ನ ವಹಿ ನೋಡು. ಅದೇ ನೀರು ಈಗ ಬಂದ್ರ ಇನ್ನೂ ಮ್ಯಾಲ ಹತ್ತೈತಿ. ಅದನ್ನೂ ಕೂಡ್ಸು.’ ಅಂಬಿಕಾ ಕೂಡಿಸಿದಳು. ಕೆಂಪು ಬಣ್ಣ ನಲವತ್ತೆರಡು ಮನೆಯನ್ನೂ ದಾಟಿ, ಮೇಲಿನ ಗಾಳೆಪ್ಪನ ಮನೆಯ ಹೊಸ್ತಿಲವರೆಗೆ ಹೋಯಿತು. ಆಂಜನೇಯ ಗೊಣಗುತ್ತಲೇ ಸಹಿ ಹಾಕಿದ. ಶಾಲೆಯ ಮಾಡಿನ ಮೇಲೆ ಸೈರನ್ ಕೂತಿತು. ಯಾವ ಮನೆಯವರು ಯಾವ ದಾರಿಯಲ್ಲಿ ಹೊರಡಬೇಕೆಂದು ಪಾರ್ವತೆಮ್ಮ ಮನೆಮನೆಗೆ ಹೋಗಿ ಹೇಳಿಬಂದಳು. ಕೆಲವರು ಮುಖದ ಮೇಲೆಯೇ ಬಾಗಿಲು ಹಾಕಿದರು. ಅವಳು ಹೊರಗೆ ನಿಂತು ಬಾಗಿಲಿಗೇ ಹೇಳಿದಳು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಗಂಡನ ಫೋನ್ ಬಂತು. ಮೈಲಾರಲಿಂಗಪ್ಪ ಕುರಿಗಾರ. ಮಳೆಗಾಲದಲ್ಲಿ ಕಪ್ಪು ಎರೆಮಣ್ಣಿನ ಕೆಸರಿನಿಂದ ಕುರಿ ತಪ್ಪಿಸಿ ಲಿಂಗಸೂಗೂರಿನ ಕೆಂಪು ನೆಲಕ್ಕೆ ಹೊಡೆದುಕೊಂಡು ಹೋಗುವುದು ಅವರ ವಾಡಿಕೆ. ‘ನಸುಕಿನಾಗಿಂದ ಒಂದ ಸವನ ಹೊಡ್ಯಾಕತ್ತೈತಿ. ಇಂಥ ಮಳಿ ನಾ ಕಂಡಿಲ್ಲ. ಮರಿ ನಿಂದ್ರಾಕ ಜಾಗಿಲ್ಲ.’ ಕರೇಹಾಳದ ಮೇಲೆ ಬಿಸಿಲು ಕಾಯುತ್ತಿತ್ತು. ಪಾರ್ವತೆಮ್ಮ ಸೇತುವೆಗೆ ಹೋದಳು. ತಿಳಿನೀರು ಆಗಲೇ ಎರಡಡಿ ಏರಿತ್ತು. ನಿನ್ನೆ ಬಿದ್ದ ಮಳೆಗೆ ರೈತರು ತೂಬು ಮುಚ್ಚಿದ್ದರು. ಕೆಂಪು ನೀರು ಇನ್ನೂ ದಾರಿಯಲ್ಲಿತ್ತು. ಅವಳು ಲೆಕ್ಕ ಹಾಕಿದಳು, ಅಂಬಿಕಾಗೆ ಫೋನ್ ಮಾಡಿದಳು, ಶಾಲೆಗೆ ಬಂದು ಸೈರನ್ ಒತ್ತಿದಳು. ಆಗ ಹತ್ತೂವರೆ.

ಜನ ಹೊರಬಂದು ಮೊದಲು ಆಕಾಶ ನೋಡಿದರು, ಆಮೇಲೆ ಅವಳನ್ನು. ‘ಅವತ್ತ ಈಕಿ ಕರದ್ಳು, ಇವತ್ತ ತಾಯಿ ಬಂದ್ಳು’ ಎಂದು ಗುಂಪಿನಲ್ಲಿ ಯಾರೋ ಅಂದರು.

‘ಹೌದು, ಬೈರಿ. ಮ್ಯಾಲ ಹೋಗಿ ಸಾಲಿ ಕಟ್ಟಿಮ್ಯಾಲ ಕುಂತು ದಿನಾ ಪೂರ್ತಿ ಬೈರಿ’ ಎಂದು ಪಾರ್ವತೆಮ್ಮ ಗದರಿದಳು. ‘ಈಗ ಕೂಸು ಎತ್ಕೋರಿ, ದನ ಬಿಚ್ರಿ. ಎರಡು ತಾಸು ಐತಿ, ಜಾಸ್ತಿ ಇಲ್ಲ.’

ಆ ದನಿಗೆ ಇಪ್ಪತ್ತು ವರ್ಷ ನೀರು ಬಿಟ್ಟ ಅಭ್ಯಾಸವಿತ್ತು. ಜನ ಹೊರಟರು. ಗೊಣಗುತ್ತ ಹೊರಟರು, ಹಾಸಿಗೆ ಗಂಟು ಹೊತ್ತು ಹೊರಟರು, ಆದರೆ ಹೊರಟರು. ಎಲ್ಲ ಮನೆಗೆ ಬಾಗಿಲು ಬಿದ್ದ ಮೇಲೆ ಅವಳು ಗಾಳೆಪ್ಪನ ಮನೆಯ ಮುಂದೆ ಬಂದಳು. ಅವನು ಹೊಸ್ತಿಲ ಮೇಲೆ ಕೂತಿದ್ದ.

‘ನಾ ಬರೂದಿಲ್ಲ. ತಾಯಿ ಕಟ್ಟಿ ದಾಟೂದಿಲ್ಲ.’

‘ದಾಟಲಿಲ್ಲಂದ್ರ ನನಗ ಛೀ ಅನ್ರಿ ಯಪ್ಪಾ, ಕೇಳ್ತೀನಿ. ದಾಟಿದ್ರ ನಾ ನಿಮಗ ಅನ್ನಾಕ ನೀವ ಇರಬೇಕಲ್ಲ? ಏಳ್ರಿ. ನೀವು ಏಳೂತನಾ ನಾ ಇಲ್ಲಿಂದ ಹೋಗೂದಿಲ್ಲ’ ಎಂದು ಅವಳೂ ಅಂಗಳದಲ್ಲಿ ಕೂತಳು. ಗಾಳೆಪ್ಪ ಅವಳನ್ನು, ಹಳ್ಳವನ್ನು ನೋಡಿ, ಗೋಡೆ ಹಿಡಿದು ಎದ್ದ.

ಹನ್ನೆರಡೂವರೆಗೆ ಕೆಂಪು ನೀರು ಬಂತು. ಶಾಲೆಯ ಕಟ್ಟೆಯ ಮೇಲೆ ನಿಂತ ಜನ ನೋಡುತ್ತಿದ್ದರು. ನೀರು ಗಂಗವ್ವನ ಕಟ್ಟೆಯನ್ನು ಮುಳುಗಿಸಿತು, ನಿಲ್ಲಲಿಲ್ಲ. ಸುಭಾನಬಿಯ ಮನೆಯ ಹಿಂದಿನ ಗೋಡೆ ಮಣ್ಣಾಗಿ ಕುಳಿತುಬಿಟ್ಟಿತು. ಕಲ್ಲಿನ ಹಳೆಯ ಜಾಗದ ಮೂಲೆಯ ವಾಲ್ ಮುಳುಗಿತು. ಮೂರು ಗಂಟೆಗೆ ಗಾಳೆಪ್ಪನ ಹೊಸ್ತಿಲಿಗೆ ಒಂದು ಗೇಣು ಕೆಳಗೆ ಬಂದು ನಿಂತಿತು. ಪಾರ್ವತೆಮ್ಮ ತಲೆ ಎಣಿಸಿದಳು, ತಪ್ಪಿರಬಹುದೆಂದು ಮತ್ತೆ ಎಣಿಸಿದಳು. ನೂರಾ ತೊಂಬತ್ತಾರು. ಒಬ್ಬರೂ ಕಡಿಮೆ ಇರಲಿಲ್ಲ. ಸುಭಾನಬಿಯ ಮೊಮ್ಮಗಳು ಯಾರದೋ ತೊಡೆಯ ಮೇಲೆ ಹಾಲಿಗೆ ಅಳುತ್ತಿತ್ತು, ಆ ಅಳು ಕೇಳಿ ಪಾರ್ವತೆಮ್ಮನೂ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ನೀರಿಳಿದ ಮೇಲೆ ಅಂಬಿಕಾ ಬಂದಳು. ಕೆಸರು ನಿಂತ ಗೆರೆಯ ಎತ್ತರ ಹಿಡಿದು, ಹಾಳೆಯಲ್ಲಿ ಬರೆದು, ‘ಇದಕ್ಕ ಊರಾಗಿನವರ ಸಾಕ್ಷಿ ಬೇಕು. ಯಾರ ಹೆಸರು ಬರೀಲ್ರಿ?’ ಎಂದು ಸುತ್ತ ನೋಡಿದಳು. ಇಂಥದ್ದಕ್ಕೆಲ್ಲ ಊರು ಮೊದಲಿಂದ ಗಾಳೆಪ್ಪನ ಕಡೆಗೇ ನೋಡುವುದು. ಈಗಲೂ ನೋಡಿತು.

ಗಾಳೆಪ್ಪ ಪಾರ್ವತೆಮ್ಮನ ಮುಂದೆ ಬಂದು ನಿಂತ. ‘ಹನ್ನೊಂದ ವರ್ಷ ಈ ಓಣಿಗೆ ಸುಳ್ಳ ಹೇಳಿದ್ನಲ್ಲವ್ವ ಪಾರ್ವತಿ.’

‘ನೀವು ಬಾಯಿ ತಗದು ಹೇಳಿದ್ರಿ, ನಾ ಬಾಯಿ ಮುಚ್ಚಿ ಹೇಳಿದೆ’ ಎಂದಳು ಅವಳು.

ಅವನು ಅಂಬಿಕಾಳ ಕಡೆ ತಿರುಗಿದ. ‘ಮೊದಲ ಪಾರ್ವತೆಮ್ಮಂದು ಬರಿ ತಾಯಿ. ಆಮ್ಯಾಲ ಸುಭಾನಬಿದು. ಅವರಿಬ್ರ ಹೆಸರಿನ ಕೆಳಗ ನಂದೊಂದು ಹೆಬ್ಬಟ್ಟು ಹಾಕಿಸ್ಕೊ.’

ಸುಭಾನಬಿ ಕುಸಿದ ಗೋಡೆಯ ಹತ್ತಿರದಿಂದ ಕೈ ತೊಳೆದುಕೊಂಡು ಬಂದು ಸಹಿ ಮಾಡಿದಳು. ಪಾರ್ವತೆಮ್ಮ ಗಾಳೆಪ್ಪನ ಹೆಬ್ಬೆರಳನ್ನು ಹಿಡಿದು, ತಮ್ಮಿಬ್ಬರ ಹೆಸರಿನ ಕೆಳಗೆ ಒತ್ತಿಸಿದಳು.